ಎರಡನೆಯ ತಂತಿ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ವಿರಾಜಪೇಟೆಯ ಸೀಮೆಯಲ್ಲಿ ಮರವುರುಳಿ ಕಂಬಗಳು ಮುರಿಯುವುದೂ ವಿದ್ಯುತ್ತು ದಿನಗಟ್ಟಲೆ ಇಲ್ಲವಾಗುವುದೂ ಹೊಸ ಸಂಗತಿಯಲ್ಲ. 2018ರ ಮಳೆಗಾಲದಲ್ಲಿ ಮಾಕುಟ್ಟದ ಘಟ್ಟದ ರಸ್ತೆ ಕುಸಿದುದನ್ನೂ, ಮರುವರ್ಷದ ಆಗಸ್ಟಿನಲ್ಲಿ ತೋರದ ಬೆಟ್ಟ ಜಾರಿ ಜೀವಗಳನ್ನು ಬಲಿಗೊಂಡುದನ್ನೂ ಕಂಡ ಜನರಿವರು. ಮಳೆಗೆ ಮುನ್ನವೇ ಸೌದೆ ಒಟ್ಟಿಕೊಳ್ಳುವ ವಿವೇಕ ಇಲ್ಲಿ ಮನೆಮನೆಗೂ ಉಂಟು. ಅಂಗಡಿಯ ಇಂಟರ್ನೆಟ್ಟಿನ ವಿಷಯದಲ್ಲಿ ಮಾತ್ರ ಅದು ಅರ್ಧದಾರಿಯಲ್ಲಿ ನಿಂತಿದೆಯೆಂಬುದು ನನ್ನ ವ್ಯಥೆ.

ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕು ಲಾರಿಯೇರಬೇಕಾದರೆ ಇ-ವೇ ಬಿಲ್ಲು ಬೇಕು; ಹೋಂಸ್ಟೇಗೆ ಬುಕಿಂಗ್ ಬೇಕು; ಚಹದಂಗಡಿಗೂ ಯುಪಿಐ ಬೇಕು. ಇವೆಲ್ಲಕ್ಕೂ ಇಂಟರ್ನೆಟ್ಟೇ ಆಧಾರವಾದುದರಿಂದ ಫೈಬರಿನ ಜೊತೆಗೆ ಸಿಮ್ ಹಾಕಿದ ರೂಟರೊಂದನ್ನು ಇರಿಸಿಕೊಂಡು ನಿಶ್ಚಿಂತರಾದವರು ಅನೇಕರು.

ಕರಿಮೆಣಸಿನ ಮಳಿಗೆಯೊಂದರಲ್ಲಿ ನಾನು ಕಣ್ಣಾರೆ ಕಂಡುದನ್ನು ಹೇಳುವೆನು. ಎಲ್ಲಿಯೋ ದೂರದಲ್ಲಿ ಫೈಬರು ತುಂಡಾಗಿತ್ತು. ರೂಟರಿನ ಹಸಿರು ದೀಪಗಳು ಮಾತ್ರ ಯಥಾಪ್ರಕಾರ ಬೆಳಗುತ್ತಿದ್ದವು. ಪಕ್ಕದ ಫೈಬರಿನ ಪೆಟ್ಟಿಗೆಯವರೆಗೆ ತಂತಿ ಸರಿಯಿದೆಯೆಂಬುದಷ್ಟೇ ಆ ದೀಪದ ಅರ್ಥ. ಅದನ್ನೇ ನಂಬಿದ ಯಂತ್ರ ಎರಡನೆಯ ಮಾರ್ಗಕ್ಕೆ ಹೊರಳಲಿಲ್ಲ. ಕೈಯಾರೆ ಹೊರಳಿಸಿದಾಗ, ಸಿಮ್ಮಿನ ರೀಚಾರ್ಜು ತೀರಿ ಎರಡು ತಿಂಗಳಾಗಿದ್ದುದು ತಿಳಿಯಿತು. ಇ-ವೇ ಬಿಲ್ಲಿಲ್ಲದೆ ಟಾರ್ಪಾಲು ಹೊದ್ದ ಲಾರಿ ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಬಾಗಿಲಲ್ಲೇ ನಿಂತಿತ್ತು.

ಯಂತ್ರವು ದೀಪವನ್ನಲ್ಲ, ದೂರವನ್ನು ನೋಡಬೇಕು. 8.8.8.8ರಂತಹ, ಬೇರೆ ಬೇರೆ ಒಡೆತನದ ಎರಡು ಮೂರು ಇಂಟರ್ನೆಟ್ ವಿಳಾಸಗಳನ್ನು ಕೆಲವು ಸೆಕೆಂಡಿಗೊಮ್ಮೆ ವಿಚಾರಿಸುತ್ತಿದ್ದು, ಒಂದರಿಂದಲೂ ಸತತವಾಗಿ ಉತ್ತರ ಬಾರದಿದ್ದಾಗ ಮಾರ್ಗ ಬದಲಿಸುವಂತೆಯೂ, ಮೊದಲಿನದು ಮರಳಿದರೂ ಹಲವು ನಿಮಿಷ ಸ್ಥಿರವಾಗಿ ನಿಂತ ಬಳಿಕವೇ ಹಿಂದಿರುಗುವಂತೆಯೂ ಅದನ್ನು ಅಣಿಗೊಳಿಸಬಹುದು. ಬದಲಾದೊಡನೆ ಯಜಮಾನರ ಮೊಬೈಲಿಗೆ ಸಂದೇಶ ಹೋಗಬೇಕು. ಇಲ್ಲವಾದರೆ ವಾರಗಟ್ಟಲೆ ಒಂಟಿ ತಂತಿಯ ಮೇಲೆ ವ್ಯಾಪಾರ ನಡೆಯುತ್ತಿರುವುದೇ ಅವರಿಗೆ ಅರಿವಾಗದು. ಎರಡೂ ಮಾರ್ಗಗಳು ಸತ್ತಾಗ ಮಳಿಗೆಯಿಂದ ಸಂದೇಶವೇ ಹೊರಡಲಾರದಾದ್ದರಿಂದ ಕಾವಲು ಹೊರಗಿರುವುದು ಲೇಸು: ಐದು ನಿಮಿಷಕ್ಕೊಮ್ಮೆ ಮಳಿಗೆಯಿಂದ ಬರಬೇಕಾದ ಸಂಕೇತ ನಿಂತೊಡನೆ ಎಚ್ಚರಿಸುವ ಸೇವೆಗಳು ಉಂಟು.

ಎಲ್ಲವೂ ಒಂದೇ ಆಸರೆಯನ್ನು ನೆಚ್ಚಿಕೊಂಡರೂ ಅಪಾಯವೇ. 2022ರ ಜುಲೈ 8ರಂದು ಕೆನಡಾದಲ್ಲಿ ರಾಜರ್ಸ್ ಕಂಪೆನಿಯ ಜಾಲ ಕುಸಿದಾಗ, ಅದನ್ನೇ ಅವಲಂಬಿಸಿದ್ದ ಇಂಟರಾಕ್ ಎಂಬ ಪಾವತಿ ವ್ಯವಸ್ಥೆ ದೇಶದುದ್ದಕ್ಕೂ ಸ್ತಬ್ಧವಾಯಿತು. ನಮ್ಮಲ್ಲಿಯೂ ಎರಡು ತಂತಿಗಳು ಒಂದೇ ಕಂಬವನ್ನು ಹಿಡಿದು ಬಂದರೆ ಒಂದು ಮರ ಎರಡನ್ನೂ ಕೆಡವೀತು. ಮೊಬೈಲ್ ಟವರಿನ ಬ್ಯಾಟರಿಯೂ ಅಕ್ಷಯಪಾತ್ರೆಯಲ್ಲ. ಅದರ ಫೈಬರೂ ಅದೇ ರಸ್ತೆಯಲ್ಲಿ ಬಂದಿರಬಹುದು. ಆದುದರಿಂದ ಕಂಪೆನಿಯೂ ಬೇರೆ, ದಾರಿಯೂ ಬೇರೆ ಇರಲಿ. ರೂಟರಿಗೂ ಫೈಬರಿನ ಪೆಟ್ಟಿಗೆಗೂ ಇನ್ವರ್ಟರಿನ ಆಧಾರವಿರಲಿ.

ಇಷ್ಟೆಲ್ಲ ಮಾಡಿಯೂ ಪರೀಕ್ಷಿಸದ ಏರ್ಪಾಡನ್ನು ನಾನು ನಂಬೆನು. ಓದುಗರೇ, ತಿಂಗಳಿಗೊಮ್ಮೆ ಗಿರಾಕಿಗಳಿಲ್ಲದ ಹೊತ್ತು ನೋಡಿ ಮುಖ್ಯ ತಂತಿಯನ್ನು ನೀವೇ ಕಿತ್ತು, ಒಂದು ಬಿಲ್ಲು ಮಾಡಿ, ಒಂದು ರೂಪಾಯಿ ಪಾವತಿಸಿ ನೋಡಿರಿ. ಈ ವರ್ಷದ ಮೊದಲ ಪರೀಕ್ಷೆ ಕಕ್ಕಡ ಹುಟ್ಟುವ ಮುನ್ನವೇ ಆಗಲಿ.