ಎಳೆಯರ ಶಿಕ್ಷಣದಲ್ಲಿ ಗೊಂಬೆಯಾಟ

ಎಳೆಯ ಮಕ್ಕಳಿಗೆ ಕಥೆ ಹೇಳುವುದು ಸುಲಭ. ಕಠಿಣವಾದ ಸತ್ಯವನ್ನು ತಿಳಿಸುವುದು ಸುಲಭವಲ್ಲ. ಸಾವು, ಅಗಲಿಕೆ, ರೋಗ, ಮನೆಯೊಳಗಿನ ಕಲಹ ಮೊದಲಾದವು ಮಗುವಿನ ಬಾಳಿನಲ್ಲಿಯೂ ಬರುತ್ತವೆ. ‘ಮಗುವಿಗೇನು ತಿಳಿದೀತು’ ಎಂದು ಹಿರಿಯರು ಮಾತು ಮರೆಸುತ್ತಾರೆ. ಅವರ ಮುಖಭಾವವನ್ನು ಅರಿತ ಮಗುವೂ ಮೌನ ತಾಳುತ್ತದೆ. ಈ ಮೌನವನ್ನು ಮೃದುವಾಗಿ ಮುರಿಯಬಲ್ಲ ಸಾಧನವೊಂದು ಕನ್ನಡ ನಾಡಿನಲ್ಲಿ ಹಿಂದಿನಿಂದಲೂ ಇದೆ. ಅದೇ ಗೊಂಬೆಯಾಟ.

ಹದಮಾಡಿದ ತೊಗಲಿನ ಮೇಲೆ ಚಿತ್ರ ಕೊರೆದು, ಬಣ್ಣ ತುಂಬಿ, ಪರದೆಯ ಹಿಂದೆ ದೀಪವಿಟ್ಟು ಆಡಿಸುವ ತೊಗಲುಗೊಂಬೆಯಾಟದಲ್ಲಿ ರಾಮಾಯಣ, ಮಹಾಭಾರತಗಳ ವೀರರ ಜೊತೆಗೆ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಬರುತ್ತಾರೆ. ಇವರು ಕೇವಲ ನಗಿಸುವ ಪಾತ್ರಗಳಲ್ಲ. ದೊಡ್ಡವರ ಮುಂದೆ ಆಡಬಾರದ ಮಾತನ್ನು ಆಡುವ, ಕೇಳಬಾರದ ಪ್ರಶ್ನೆಯನ್ನು ಕೇಳುವ ಸ್ವಾತಂತ್ರ್ಯ ಇವರಿಗುಂಟು. ತರಗತಿಯ ಮಗುವಿಗೆ ಬೇಕಾದುದು ಈ ಸ್ವಾತಂತ್ರ್ಯವೇ. ‘ನನಗೆ ಭಯ’ ಎನ್ನಲಾರದ ಮಗು ‘ಗೊಂಬೆಗೆ ಭಯ’ ಎಂದು ಸಂಕೋಚವಿಲ್ಲದೆ ಹೇಳಬಲ್ಲದು.

ದುಃಖದ ಕಥೆ ಎಳೆಯ ಮನಸ್ಸನ್ನು ಕೆಡಿಸೀತೆಂಬ ಶಂಕೆ ಸಹಜ. ಆದರೆ ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ಊರೂರು ತಿರುಗುವ ಆಟಗಾರರು ತೋರಿಸಿದ ಶ್ರವಣಕುಮಾರನ ಚಿತ್ರವನ್ನೂ, ಅವನ ಮರಣಕ್ಕೆ ತಂದೆತಾಯಿಗಳು ಪಟ್ಟ ಶೋಕವನ್ನೂ, ಹರಿಶ್ಚಂದ್ರ ನಾಟಕವನ್ನೂ ಸ್ಮರಿಸಿದ್ದಾರೆ. ಆ ಶೋಕ ಅವರನ್ನು ಕುಗ್ಗಿಸಲಿಲ್ಲ. ಬಾಳಿಗೆ ಆದರ್ಶವಾಗಿ ಉಳಿಯಿತು. ಮುಂದೆ ಅದೇ ಗಾಂಧೀಜಿಯವರ ಜೀವನವನ್ನು ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯ ಪರದೆಗೆ ತಂದರು. ಹಳೆಯ ಕಲೆ ಹೊಸ ವಸ್ತುವನ್ನು ಹೊರಬಲ್ಲದೆಂಬುದಕ್ಕೆ ಇದು ಸಾಕ್ಷಿ.

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಮಕ್ಕಳ ಮಟ್ಟಿಗೆ ಇಂಥ ಹೊಸ ವಸ್ತು ದೂರದಲ್ಲಿಲ್ಲ. ಕಪಿಲೆ ಇಲ್ಲಿಯ ಜನರಿಗೆ ತಾಯಿ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಪುಣ್ಯನದಿ. ಆದರೆ 2018 ಮತ್ತು 2019ರ ಆಗಸ್ಟ್ ತಿಂಗಳಲ್ಲಿ ಕಬಿನಿ ಜಲಾಶಯದಿಂದ ಅಪಾರ ನೀರು ಹರಿದು ಬಂದಾಗ ನಂಜನಗೂಡಿನ ತಗ್ಗು ಬಡಾವಣೆಗಳು ಜಲಾವೃತವಾದವು. ಪೂಜಿಸುವ ಹೊಳೆಯೇ ಮನೆಯೊಳಗೆ ನುಗ್ಗುವುದನ್ನು ಕಂಡ ಮಗುವಿನ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ.

ಉಪಾಧ್ಯಾಯರು ಹಳೆಯ ಕಾಲುಚೀಲ, ಬಟ್ಟೆಯ ಚೂರು, ರಟ್ಟುಗಳಿಂದ ಮೂರು ಗೊಂಬೆಗಳನ್ನು ಮಾಡಿದರೆ ಈ ಪ್ರಶ್ನೆಗೊಂದು ಆಟವಾಗುತ್ತದೆ: ಅಜ್ಜಿ, ಮೊಮ್ಮಗ, ಒಬ್ಬ ಕಿಳ್ಳೇಕ್ಯಾತ. “ಹೊಳೆ ಮತ್ತೆ ನಮ್ಮನೆಗೆ ಬತ್ತದಾ, ಅಜ್ಜೀ?” ಎಂದು ಮೊಮ್ಮಗನ ಪರವಾಗಿ ಕಿಳ್ಳೇಕ್ಯಾತನೇ ಕೇಳುತ್ತಾನೆ. “ಬಂದ್ರೂ ಬರಬೌದು ಕಣಪ್ಪ. ಬಂದ್ರೆ ಎಲ್ಲಿಗೆ ಹೋಗ್ಬೇಕು ಅಂತ ಈಗ್ಲೇ ತಿಳ್ಕೊಳಾವ” ಎಂದು ಅಜ್ಜಿ ಉತ್ತರಿಸುತ್ತಾಳೆ. ‘ಬರುವುದೇ ಇಲ್ಲ’ ಎಂಬ ಸುಳ್ಳು ಸಾಂತ್ವನ ಇಲ್ಲಿಲ್ಲ. ಸತ್ಯವೂ ಇದೆ, ಧೈರ್ಯವೂ ಇದೆ.

ಈ ವಿಧಾನಕ್ಕೆ ಕೆಲವು ನಿಯಮಗಳು ಅವಶ್ಯ. ಒಂದು ಆಟಕ್ಕೆ ಒಂದೇ ವಿಷಯವಿರಬೇಕು. ಹತ್ತು ನಿಮಿಷ ಸಾಕು. ತೀರಿಕೊಂಡವರನ್ನು ‘ಮಲಗಿದ್ದಾರೆ’ ಎನ್ನಬಾರದು. ಅದನ್ನು ನಂಬಿದ ಮಗು ನಿದ್ರೆಗೇ ಹೆದರೀತು. ಆಟ ಮುಗಿದೊಡನೆ ನೀತಿಬೋಧೆಗೆ ತೊಡಗದೆ, ಗೊಂಬೆಯನ್ನು ಮಗುವಿನ ಕೈಗೆ ಕೊಟ್ಟು ಕಾಯಬೇಕು. ಮಾತನಾಡಲು ಯಾರನ್ನೂ ಬಲವಂತ ಮಾಡಕೂಡದು. ಮಗು ಹೇಳುವುದನ್ನು ಗುಟ್ಟಾಗಿಡುವುದಾಗಿ ಗೊಂಬೆ ಎಂದಿಗೂ ಭಾಷೆ ಕೊಡಬಾರದು. ಲೈಂಗಿಕ ದೌರ್ಜನ್ಯದ ಸುಳಿವು ದೊರೆತರೆ ಉಪಾಧ್ಯಾಯರು ತಾವೇ ವಿಚಾರಣೆಗಿಳಿಯದೆ ಪೊಲೀಸರಿಗೆ ತಿಳಿಸಬೇಕೆಂಬುದು 2012ರ ಪೋಕ್ಸೋ ಕಾಯ್ದೆಯ ವಿಧಿ. ಮಕ್ಕಳ ಸಹಾಯವಾಣಿ 1098ರ ನೆರವನ್ನೂ ಪಡೆಯಬಹುದು. ಗೊಂಬೆ ಬಾಗಿಲನ್ನು ತೆರೆಯುತ್ತದೆ. ಒಳಗಿರುವ ಮಗುವಿನ ಕೈ ಹಿಡಿಯಬೇಕಾದವರು ಹಿರಿಯರೇ.

ಆಟದ ಮೂಲಕ ಪಾಠವೆಂಬುದು ಈ ಜಿಲ್ಲೆಗೆ ಹೊಸದಲ್ಲ. ‘ನಲಿ-ಕಲಿ’ ಪದ್ಧತಿ 1995ರಲ್ಲಿ ಮೊದಲುಗೊಂಡದ್ದು ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಗೊಂಬೆಯಾಟವನ್ನು ಶಿಕ್ಷಣದಲ್ಲಿ ಬಳಸುವ ತರಬೇತಿಯನ್ನು ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು ಉಪಾಧ್ಯಾಯರಿಗೆ ನೀಡುತ್ತ ಬಂದಿದೆ. ಕೊಪ್ಪಳ ಜಿಲ್ಲೆಯ ಹಿರಿಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಪ್ರಶಸ್ತಿಯಿಂದ ಕಲೆಗೆ ಗೌರವ ದೊರೆಯುತ್ತದೆ; ಆದರೆ ಅದು ಉಳಿಯುವುದು ನೋಡುವ ಮಕ್ಕಳಿಂದ. ವರ್ಷಕ್ಕೊಮ್ಮೆಯಾದರೂ ಕಲಾವಿದರನ್ನು ಶಾಲೆಗೆ ಬರಮಾಡಿಕೊಂಡು, ಯೋಗ್ಯ ಸಂಭಾವನೆಯಿತ್ತು, ಉಪಾಧ್ಯಾಯರು ಅವರಿಂದ ಕಲಿಯುವಂತಾದರೆ ದಾನಿಗಳ ನೆರವು ಎರಡು ಬಗೆಯಲ್ಲಿ ಸಾರ್ಥಕವಾಗುತ್ತದೆ: ಕಲೆಗೆ ಒಂದು ಮನೆ ದೊರೆಯುತ್ತದೆ, ಮಾತು ಬಾರದೆ ಕುಳಿತ ಮಗುವಿಗೆ ಒಂದು ನಾಲಗೆ ದೊರೆಯುತ್ತದೆ.