ಕಾರಿನೊಳಗಿನ ಸೆಕೆ

ಯಾತ್ರಾಸ್ಥಳಗಳ ವಸತಿಗೃಹಗಳ ಮುಂದೆ ರಾತ್ರಿ ಸಾಲಾಗಿ ನಿಂತ ಬಾಡಿಗೆ ಕಾರುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅವುಗಳಲ್ಲಿ ಎಷ್ಟೋ ಕಾರುಗಳು ಖಾಲಿಯಾಗಿರುವುದಿಲ್ಲ. ಪ್ರಯಾಣಿಕರು ಕೋಣೆಗಳಲ್ಲಿ ಮಲಗಿದರೆ, ಚಾಲಕನು ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು ಅಲ್ಲಿಯೇ ನಿದ್ರಿಸುತ್ತಾನೆ. ಬೆಳಗಾದರೆ ಘಟ್ಟದ ತಿರುವುಗಳಲ್ಲಿ ಅವನ ಎಚ್ಚರವನ್ನೇ ನಂಬಿ ನಾವು ಪಯಣಿಸಬೇಕು. ಆದುದರಿಂದ ಅವನ ನಿದ್ರೆ ಅವನೊಬ್ಬನಿಗೇ ಸೇರಿದ್ದಲ್ಲ. ಆ ನಿದ್ರೆಗೆ ಬೇಸಗೆಯಲ್ಲಿ ಮೊದಲ ಶತ್ರು ಸೆಕೆ.

ಕಾರು ಅಷ್ಟು ಬೇಗ ಕಾಯುವುದೇಕೆ? ಬಿಸಿಲು ಗಾಜನ್ನು ದಾಟಿ ಒಳಬರುತ್ತದೆ. ಒಳಗಿನ ವಸ್ತುಗಳು ಅದನ್ನು ಹೀರಿ ಕಾಯುತ್ತವೆ. ಅವನ್ನು ಸೋಕಿದ ಗಾಳಿಯೂ ಕಾಯುತ್ತದೆ. ಬಯಲಿನಲ್ಲಾದರೆ ಕಾದ ಗಾಳಿ ಮೇಲೇರಿ, ಆ ಜಾಗಕ್ಕೆ ತಂಪುಗಾಳಿ ಬರುತ್ತದೆ. ಮುಚ್ಚಿದ ಕಾರಿನಲ್ಲಿ ಅದಕ್ಕೆ ದಾರಿಯಿಲ್ಲ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಒಂದು ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ಬಿಸಿಲಿಗಿಟ್ಟರು. ಎರಡೂ ಬಹುಮಟ್ಟಿಗೆ ಸಮನಾಗಿಯೇ ಕಾದವು. ಶಾಖವನ್ನು ಕೂಡಿಹಾಕುವುದು ಮುಖ್ಯವಾಗಿ ಗಾಳಿಯ ಸೆರೆವಾಸವೇ ಎಂದು ಇದರಿಂದ ತಿಳಿಯಿತು.

2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಹೊರಗೆ ಕೇವಲ 22 ಡಿಗ್ರಿ ಸೆಲ್ಸಿಯಸ್ ಇದ್ದ ದಿನವೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಸುಮಾರು 47 ಡಿಗ್ರಿಯಾಯಿತು. ಏರಿಕೆಯ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ನಡೆಯಿತು. ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮಗುವನ್ನು ಕಾರಿನಲ್ಲಿ ಬಿಟ್ಟು 'ಐದು ನಿಮಿಷದಲ್ಲಿ ಬಂದೆ' ಎಂದು ಅಂಗಡಿಗೆ ಹೋಗುವವರು ಇದನ್ನು ನೆನಪಿಡಬೇಕು.

ಹಾಗಾದರೆ ಹಗಲಿನ ಉಪಾಯವೇನು? ಬಿಸಿಲನ್ನು ಗಾಜಿನ ಹೊರಗೇ ತಡೆಯುವುದು. ಒಳಗೆ ತೂಗಿದ ಪರದೆ ಸ್ವಲ್ಪ ಬೆಳಕನ್ನು ಹಿಂದಿರುಗಿಸೀತು. ಆದರೆ ಹೀರಿದ ಶಾಖವನ್ನು ಒಳಗೇ ಚೆಲ್ಲುತ್ತದೆ. ನಮ್ಮ ಹಿರಿಯರು ಬೇಸಗೆಯ ಚಪ್ಪರವನ್ನು ಮನೆಯ ಹೊರಗೆ ಹಾಕಿದ್ದು ಸುಮ್ಮನೆ ಅಲ್ಲ. ಮರದ ನೆರಳು ಸಿಕ್ಕರಂತೂ ಅದಕ್ಕಿಂತ ಒಳ್ಳೆಯ ಚಪ್ಪರವಿಲ್ಲ.

ರಾತ್ರಿಯ ಸಮಸ್ಯೆ ಬೇರೆ. ಸೂರ್ಯನಿಲ್ಲ, ಉಳಿದಿರುವುದು ಲೋಹದಲ್ಲಿ ಕೂತ ಹಗಲಿನ ಬಿಸಿ, ಮಲಗಿದವನ ಮೈಯ ಬಿಸಿ, ಅವನ ಉಸಿರಿನ ತೇವ. ಈಗ ಮರದಡಿಗಿಂತ ಬಯಲು ಮೇಲು. ಕಾರಿನ ಮಾಡು ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಸೂಸಿ ಬೇಗ ತಣಿಯುತ್ತದೆ; ಎಲೆಗಳ ಹೊದಿಕೆ ಅದಕ್ಕೆ ಅಡ್ಡಿ. ಎದುರುಬದುರಾದ ಎರಡು ಕಿಟಕಿಗಳನ್ನು ಇಳಿಸಿ ಸೊಳ್ಳೆಪರದೆ ಕಟ್ಟಿದರೆ ಗಾಳಿಯಾಡುತ್ತದೆ. ಒಂದೇ ಕಿಟಕಿ ಸಾಲದು. ಬಂದ ಗಾಳಿಗೆ ಹೋಗುವ ದಾರಿಯೂ ಬೇಕು. ಒಂದು ಲೀಟರು ನೀರು ಆವಿಯಾಗುವಾಗ, ಮಲಗಿದ ಮನುಷ್ಯನ ಮೈ ಇಡೀ ರಾತ್ರಿ ಹೊರಸೂಸುವಷ್ಟು ಶಾಖವನ್ನು ಸೆಳೆದುಕೊಳ್ಳುತ್ತದೆ. ರಾಯಚೂರು, ಕಲಬುರಗಿಗಳ ಒಣ ಸೆಕೆಯಲ್ಲಿ ಕಿಟಕಿಗೆ ಒದ್ದೆ ಬಟ್ಟೆ ತೂಗಿದರೆ ಫಲ ಸಿಗುವುದು ಇದರಿಂದಲೇ. ಮಂಗಳೂರಿನ ತೇವದ ಗಾಳಿಯಲ್ಲಿ ಇದು ಅಷ್ಟಾಗಿ ನಡೆಯದು.

ಎಂಜಿನ್ ಓಡಿಸುತ್ತಾ, ಗಾಜು ಏರಿಸಿ, ಹವಾನಿಯಂತ್ರಣದ ತಂಪಿನಲ್ಲಿ ಮಲಗುವುದು ಮಾತ್ರ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಬಿಗಿಯಾಗಿ ಬೆರೆಯುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ನೆಲಮಾಳಿಗೆಯಲ್ಲಿ ಅದು ನಿದ್ರಿಸುವವನನ್ನು ಎಚ್ಚರಿಸದೆಯೇ ಕೊಲ್ಲಬಲ್ಲದು.

ಇಷ್ಟೆಲ್ಲ ಮಾಡಿದರೂ ಸೀಟು ಹಾಸಿಗೆಯಾಗುವುದಿಲ್ಲ. 2023ರಲ್ಲಿ ತಮಿಳುನಾಡು ಸರ್ಕಾರ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲು ವಸತಿಗೃಹಗಳಲ್ಲಿ ಅತಿಥಿಗಳ ಚಾಲಕರಿಗೂ ಮಲಗುವ ಜಾಗ, ಶೌಚಾಲಯಗಳಿರಬೇಕೆಂದು ವಿಧಿಸಿತು. ನಿಯಮವಿರಲಿ, ಇಲ್ಲದಿರಲಿ, ಕೋಣೆಯನ್ನು ಗೊತ್ತುಮಾಡುವಾಗ 'ನಮ್ಮ ಡ್ರೈವರ್ ಎಲ್ಲಿ ಮಲಗುತ್ತಾರೆ?' ಎಂದು ಕೇಳುವುದು ಪ್ರಯಾಣಿಕರಾದ ನಮ್ಮಿಂದ ಸಾಧ್ಯ.