ಬಂದಿಗಳ ಮಕ್ಕಳು ಮತ್ತು ಅವರ ಹಕ್ಕುಗಳು

‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ನಮ್ಮ ಹಿರಿಯರ ನಾಣ್ಣುಡಿ. ಕರ್ಮವನ್ನು ಮಾಡಿದವನೇ ಅದರ ಫಲವನ್ನು ಉಣ್ಣಬೇಕೆಂಬುದು ಇದರ ಭಾವ. ನ್ಯಾಯಾಲಯದ ನೀತಿಯೂ ಇದೇ ಆಗಿದೆ. ನ್ಯಾಯಾಧೀಶರು ಶಿಕ್ಷೆಯನ್ನು ವಿಧಿಸುವಾಗ ಅಪರಾಧಿಯೊಬ್ಬನಿಗೆ ಮಾತ್ರ ವಿಧಿಸುತ್ತಾರೆ. ಅವನ ಹೆಂಡತಿಗಾಗಲಿ, ಮಕ್ಕಳಿಗಾಗಲಿ, ಮುದಿ ತಾಯಿಗಾಗಲಿ ವಿಧಿಸುವುದಿಲ್ಲ. ಆದರೆ ವಾಸ್ತವವಾಗಿ ಆ ಶಿಕ್ಷೆಯನ್ನು ಅನುಭವಿಸುವವರು ಎಷ್ಟು ಮಂದಿ? ಮಾಡದವರೂ ಉಣ್ಣಬೇಕಾಗಿ ಬರುವ ಈ ಪರಿಸ್ಥಿತಿಯನ್ನು ಕುರಿತು ನಾವು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ನಮ್ಮ ನಗರದ ಸಾತ್ ರಸ್ತಾ ವೃತ್ತದ ಸಮೀಪದಲ್ಲಿ ಬಸ್ಸಿನಲ್ಲಿ ಹೋಗುವಾಗ ಎತ್ತರವಾದ ಕಲ್ಲುಗೋಡೆಯೊಂದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಅದೇ ಮುಂಬಯಿಯ ಮಧ್ಯವರ್ತಿ ಕಾರಾಗೃಹ. ಜನರು ಅದನ್ನು ಆರ್ಥರ್ ರೋಡ್ ಜೈಲು ಎಂದೇ ಕರೆಯುತ್ತಾರೆ. ಆದರೆ ಆ ಹಾದಿಗೆ ಈಗಿರುವ ಹೆಸರು ಸಾನೆ ಗುರೂಜಿ ಮಾರ್ಗ. ಸಾನೆ ಗುರೂಜಿಯವರು ‘ಶ್ಯಾಮಚೀ ಆಯಿ’ ಎಂಬ ತಮ್ಮ ಪ್ರಸಿದ್ಧ ಮರಾಠಿ ಗ್ರಂಥವನ್ನು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿದ್ದಾಗ ಬರೆದರು. ತಾಯಿ ಮಕ್ಕಳ ವಾತ್ಸಲ್ಯವನ್ನು ಕುರಿತ ಗ್ರಂಥವು ಸೆರೆಮನೆಯಲ್ಲಿ ಹುಟ್ಟಿತೆಂಬುದು ಅರ್ಥಪೂರ್ಣವಾಗಿದೆ. ಗೋಡೆಯು ಎಷ್ಟೇ ಎತ್ತರವಾಗಿರಲಿ, ಒಳಗಿರುವವರ ಮನಸ್ಸು ಮನೆಯ ಕಡೆಗೇ ತುಡಿಯುತ್ತಿರುತ್ತದೆ. ಮನೆಯವರ ಮನಸ್ಸು ಗೋಡೆಯ ಕಡೆಗೆ ತುಡಿಯುತ್ತಿರುತ್ತದೆ.

ದುಡಿಯುವ ತಂದೆಯು ಸೆರೆಗೆ ಹೋದನೆಂದರೆ ಆ ಮನೆಯಲ್ಲಿ ಆಗುವುದೇನು? ಮೊದಲು ಸಂಬಳ ನಿಲ್ಲುತ್ತದೆ. ಬಳಿಕ ಖೋಲಿಯ ಬಾಡಿಗೆ ನಿಲ್ಲುತ್ತದೆ. ವಕೀಲರಿಗೂ ಜಾಮೀನಿಗೂ ಹಣ ಬೇಕಾದುದರಿಂದ ಮೈಮೇಲಿನ ಒಡವೆ, ಮನೆಯ ಪಾತ್ರೆಗಳು ಒಂದೊಂದಾಗಿ ಹೋಗುತ್ತವೆ. ತಾಯಿಯು ಕೆಲಸ ಹುಡುಕಿಕೊಂಡು ಹೊರಡುತ್ತಾಳೆ. ಹಿರಿಯ ಮಗಳು ಶಾಲೆಯನ್ನು ಬಿಟ್ಟು ಕಿರಿಯರನ್ನು ನೋಡಿಕೊಳ್ಳುತ್ತಾಳೆ. ಕಲಬುರ್ಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಕೂಲಿಗೆಂದು ಈ ನಗರಕ್ಕೆ ಬಂದ ನಮ್ಮ ಜನರಾದರೆ ಅವರ ಕಷ್ಟ ಇನ್ನೂ ಹೆಚ್ಚು. ಹತ್ತಿರದ ಬಂಧುಗಳು ಇಲ್ಲಿರುವುದಿಲ್ಲ. ಠಾಣೆಯ ಕಾಗದಗಳು ಮರಾಠಿಯಲ್ಲಿ, ವಕೀಲರ ಕಾಗದಗಳು ಇಂಗ್ಲೀಷಿನಲ್ಲಿ. ಓದಿ ಹೇಳುವವರು ಯಾರು?

ಇಲ್ಲಿ ಮತ್ತೊಂದು ಸಂಗತಿಯನ್ನು ನಾವು ಮರೆಯಬಾರದು. ಸೆರೆಮನೆಯಲ್ಲಿರುವವರೆಲ್ಲರೂ ಅಪರಾಧಿಗಳಲ್ಲ. 2022ರ ಡಿಸೆಂಬರ್ 31ರಂದು ಭಾರತದ ಸೆರೆಮನೆಗಳಲ್ಲಿ 5,73,220 ಬಂದಿಗಳಿದ್ದರು. ಅವರಲ್ಲಿ 4,34,302 ಮಂದಿ ವಿಚಾರಣೆಯು ಇನ್ನೂ ಮುಗಿಯದವರು. ಎಂದರೆ, ನಾಲ್ವರಲ್ಲಿ ಮೂವರ ಮೇಲಿನ ಆರೋಪವು ಸಿದ್ಧವಾಗಿರಲೇ ಇಲ್ಲ. ನ್ಯಾಯಾಲಯವು ತಂದೆಯನ್ನೇ ಇನ್ನೂ ಅಪರಾಧಿಯೆಂದು ಹೇಳದಿರುವಾಗ ನೆರೆಹೊರೆಯು ಮಗುವನ್ನು ‘ಕಳ್ಳನ ಮಗ’ನೆಂದು ಕರೆಯುವುದು ಎಂತಹ ನ್ಯಾಯ?

ನಮ್ಮ ನಾಡಿನ ಚರಿತ್ರೆಯಲ್ಲಿ ಸೆರೆಮನೆಯು ಗೌರವದ ಸ್ಥಾನವಾಗಿದ್ದ ಕಾಲವೂ ಒಂದಿತ್ತು. ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಿನಗಳಲ್ಲಿ, 1930ರ ಬಳಿಕ, ಅಂಕೋಲೆ ಮತ್ತು ಸಿದ್ದಾಪುರಗಳ ರೈತರು ಕರನಿರಾಕರಣೆಯ ಸತ್ಯಾಗ್ರಹವನ್ನು ನಡೆಸಿದರು. ಗಂಡಸರು ಸೆರೆಗೆ ಹೋದರು; ಸರಕಾರವು ಅವರ ಹೊಲಮನೆಗಳನ್ನು ಜಪ್ತಿ ಮಾಡಿತು. ಹೆಂಗಸರೂ ಮಕ್ಕಳೂ ನೆಲೆಯಿಲ್ಲದೆ ಕಷ್ಟಪಟ್ಟರು. 1937ರಲ್ಲಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಬಂದ ಮೇಲೆ, ಹೀಗೆ ಕಳೆದುಕೊಂಡ ಭೂಮಿಯನ್ನು ಹಿಂದಿರುಗಿಸಲು 1938ರಲ್ಲಿ ಕಾಯಿದೆಯೇ ಆಯಿತು. ಆ ಮನೆಗಳ ಮಕ್ಕಳು ತಂದೆಯ ಹೆಸರನ್ನು ತಲೆಯೆತ್ತಿ ಹೇಳಬಹುದಾಗಿತ್ತು. ಇಂದು ಬೇರೆ ಕಾರಣದಿಂದ ಸೆರೆಗೆ ಹೋದವನ ಮಗುವು ತಲೆ ತಗ್ಗಿಸಬೇಕಾಗಿದೆ. ತಂದೆಯರ ಕಾರ್ಯದಲ್ಲಿ ಆಕಾಶ ಭೂಮಿಗಳ ಅಂತರವಿರಬಹುದು. ಆದರೆ ಇಬ್ಬರು ಮಕ್ಕಳ ಹಸಿವಿನಲ್ಲಿ ಏನು ಅಂತರ? ಇಬ್ಬರೂ ತಾವಾಗಿ ಏನನ್ನೂ ಮಾಡಿದವರಲ್ಲ. ಆದುದರಿಂದ ಮಗುವನ್ನು ತಂದೆಯ ಕಾರ್ಯದಿಂದ ಬೇರೆಯಾಗಿಯೇ ನೋಡಬೇಕು. ಕಾಯಿದೆಯೂ ಇಂದು ಹಾಗೆಯೇ ನೋಡುತ್ತದೆ. ಅದು ಹೇಗೆಂಬುದನ್ನು ಕ್ರಮವಾಗಿ ತಿಳಿಯೋಣ.

ಮೊದಲನೆಯದು ಬಂಧನದ ಸಮಯ. ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕು, 24 ಗಂಟೆಗಳೊಳಗಾಗಿ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಸಂವಿಧಾನದ 22ನೆಯ ವಿಧಿಯು ಸಾಮಾನ್ಯ ನಿಯಮವನ್ನು ಹಾಕಿಕೊಟ್ಟಿದೆ. ಅವನು ಎಲ್ಲಿರುವನೆಂಬುದನ್ನು ಮನೆಯವರಿಗಾಗಲಿ ಮಿತ್ರರಿಗಾಗಲಿ ತಿಳಿಸುವುದು ಪೊಲೀಸರ ಕರ್ತವ್ಯ. ವಿಚಾರಣೆಯಿಲ್ಲದೆ ಸ್ಥಾನಬದ್ಧನಾದ ಒಬ್ಬನಿಗೆ, ಅವನಿಗೆ ಬಾರದ ಇಂಗ್ಲೀಷಿನಲ್ಲಿ ಕಾರಣಗಳನ್ನು ಕೊಟ್ಟುದು ಸಾಲದೆಂದು ಸುಪ್ರೀಮ್ ಕೋರ್ಟು 1962ರಷ್ಟು ಹಿಂದೆಯೇ ತೀರ್ಪಿತ್ತಿತು. ಮಹಾರಾಷ್ಟ್ರದಿಂದಲೇ ಹೋದ ಮೊಕದ್ದಮೆ ಅದು. ತಿಳಿಯುವ ಭಾಷೆಯಲ್ಲಿ ಹೇಳದಿದ್ದರೆ ಹೇಳಿದಂತಾಗಲಿಲ್ಲವೆಂಬ ಈ ತತ್ತ್ವವು ಪರನಾಡಿನಲ್ಲಿರುವ ಕನ್ನಡಿಗರಿಗೆ ಮಹತ್ವದ್ದು.

ಎರಡನೆಯದು ವಕೀಲರ ನೆರವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವವರಿಗೂ, ಸ್ತ್ರೀಯರಿಗೂ, ಮಕ್ಕಳಿಗೂ ಉಚಿತವಾಗಿ ವಕೀಲರ ಸಹಾಯವು ದೊರೆಯಬೇಕು. ಪ್ರತಿಯೊಂದು ಜಿಲ್ಲೆಗೂ ಇದಕ್ಕಾಗಿ ಪ್ರಾಧಿಕಾರವಿದೆ. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು. ಜಾಮೀನು ದೊರೆತರೂ ಹಣವಿಲ್ಲದೆ ಒಳಗೇ ಉಳಿದವರಿಗಾಗಿ ಕೇಂದ್ರ ಸರಕಾರವು 2023ರಲ್ಲಿ ಒಂದು ಯೋಜನೆಯನ್ನು ಹಾಕಿಕೊಂಡಿತು. ಆಗಿನ ನಿಯಮದಂತೆ ವಿಚಾರಣೆಯಲ್ಲಿರುವ ಬಡ ಬಂದಿಗೆ 40,000 ರೂಪಾಯಿಗಳವರೆಗೂ, ದಂಡ ಕೊಡಲಾರದ ಅಪರಾಧಿಗೆ 25,000 ರೂಪಾಯಿಗಳವರೆಗೂ ನೆರವು ಕೊಡಬಹುದಾಗಿತ್ತು.

ಮೂರನೆಯದು ತಾಯಿಯೊಡನೆ ಸೆರೆಮನೆಯೊಳಗೇ ಇರುವ ಎಳೆಯ ಮಕ್ಕಳ ವಿಷಯ. ನಮ್ಮ ನಗರದಲ್ಲಿ ಸ್ತ್ರೀಬಂದಿಗಳ ಕಾರಾಗೃಹವು ಭಾಯಖಳಾದಲ್ಲಿದೆ. ಶಾಲೆಯಿಂದ ಪ್ರವಾಸ ಹೋಗಿ ನಾವು ಜಿಂಕೆಗಳನ್ನು ನೋಡುವ ರಾಣಿಬಾಗೂ ಅದೇ ಭಾಗದಲ್ಲಿದೆ. ಸುಪ್ರೀಮ್ ಕೋರ್ಟು 2006ರ ಏಪ್ರಿಲ್ 13ರಂದು, ಆರ್. ಡಿ. ಉಪಾಧ್ಯಾಯ ಎಂಬವರ ಅರ್ಜಿಯ ಮೇಲೆ, ಇಂತಹ ಮಕ್ಕಳನ್ನು ಕುರಿತು ವಿಸ್ತಾರವಾದ ನಿಯಮಗಳನ್ನು ವಿಧಿಸಿತು. ಆರು ವರ್ಷ ತುಂಬುವವರೆಗೆ ಮಗುವು ತಾಯಿಯೊಡನೆ ಇರಬಹುದು. ಆದರೆ ಅದನ್ನು ಬಂದಿಯಂತೆ ಕಾಣಕೂಡದು. ಅನ್ನ, ಬಟ್ಟೆ, ವಸತಿ, ಔಷಧೋಪಚಾರ, ಶಿಕ್ಷಣ, ಆಟ ಇವೆಲ್ಲವೂ ಅದಕ್ಕೆ ದಯೆಯಿಂದಲ್ಲ, ಹಕ್ಕಿನಿಂದ ಸಲ್ಲಬೇಕು. ಹೆರಿಗೆಯನ್ನು ಸಾಧ್ಯವಾದ ಮಟ್ಟಿಗೆ ಹೊರಗಿನ ಆಸ್ಪತ್ರೆಯಲ್ಲಿಯೇ ಮಾಡಿಸಬೇಕು. ಒಂದು ವೇಳೆ ಮಗುವು ಸೆರೆಮನೆಯಲ್ಲಿಯೇ ಹುಟ್ಟಿದರೂ ಜನನದ ದಾಖಲೆಯಲ್ಲಿ ‘ಸೆರೆಮನೆ’ ಎಂದು ಬರೆಯಕೂಡದು. ಆ ಬಡಾವಣೆಯ ವಿಳಾಸವನ್ನಷ್ಟೇ ಬರೆಯಬೇಕು. ಮುಂದೆ ಆ ಮಗುವು ಶಾಲೆಗೆ ಸೇರುವಾಗ ಗುಮಾಸ್ತರ ಮೇಜಿನ ಮುಂದೆ ನಾಚಿಕೆಪಡಬಾರದೆಂಬ ಕಾಳಜಿಯೇ ಇದಕ್ಕೆ ಕಾರಣ. ಆರು ವರ್ಷಗಳಾದ ಮೇಲೆ ಮಗುವನ್ನು ತಾಯಿಯ ಇಚ್ಛೆಯಂತೆ ಯೋಗ್ಯರಾದವರ ವಶಕ್ಕಾಗಲಿ, ಬಾಲಗೃಹಕ್ಕಾಗಲಿ ಒಪ್ಪಿಸಬೇಕು. ಬಾಲಗೃಹದಲ್ಲಿದ್ದರೆ ವಾರಕ್ಕೊಮ್ಮೆಯಾದರೂ ತಾಯಿಯನ್ನು ಕಾಣಿಸಬೇಕು.

ನಾಲ್ಕನೆಯದು, ಹೊರಗೆ ಉಳಿದ ಮಕ್ಕಳ ವಿಷಯ. ಇವರು ಸಂಖ್ಯೆಯಲ್ಲಿ ಬಹಳ ಹೆಚ್ಚು. ಕಣ್ಣಿಗೆ ಬೀಳುವುದು ಮಾತ್ರ ಬಹಳ ಕಡಿಮೆ. ಸಂಯುಕ್ತ ರಾಷ್ಟ್ರಗಳು 1989ರಲ್ಲಿ ಅಂಗೀಕರಿಸಿದ, ಭಾರತವು 1992ರಲ್ಲಿ ಸೇರಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು, ತಂದೆತಾಯಿಗಳ ಸ್ಥಿತಿಯ ಕಾರಣದಿಂದ ಮಗುವಿಗೆ ಭೇದ ಮಾಡಕೂಡದೆಂದೂ, ಅಗಲಿದ ತಂದೆತಾಯಿಗಳೊಡನೆ ಸಂಬಂಧವನ್ನು ಉಳಿಸಿಕೊಳ್ಳುವ ಹಕ್ಕು ಮಗುವಿಗೆ ಇದೆಯೆಂದೂ ಸಾರುತ್ತದೆ. ಮುಲಾಕಾತ್, ಎಂದರೆ ಬಂದಿಯ ಭೇಟಿ, ಈ ಹಕ್ಕಿನ ಒಂದು ರೂಪ. ಸಾಮಾನ್ಯವಾಗಿ ಭೇಟಿಯಲ್ಲಿ ನಡುವೆ ಜಾಲರಿಯೋ ಗಾಜೋ ಇರುತ್ತದೆ. ಮಹಾರಾಷ್ಟ್ರದ ಕೆಲವು ಕಾರಾಗೃಹಗಳಲ್ಲಿ ‘ಗಳಾಭೇಟ್’ ಎಂಬ ಕಾರ್ಯಕ್ರಮವನ್ನು ನಡೆಸಿ, ಬಂದಿಗಳು ತಮ್ಮ ಮಕ್ಕಳನ್ನು ಅಪ್ಪಿಕೊಂಡು ಮಾತನಾಡಲು ಅವಕಾಶ ಮಾಡಿಕೊಟ್ಟುದುಂಟು. ಅಪ್ಪಿಕೊಳ್ಳುವುದಕ್ಕೂ ಒಂದು ದಿನವನ್ನು ಗೊತ್ತುಮಾಡಬೇಕಾಯಿತೆಂಬುದನ್ನು ನೆನೆದಾಗ, ಸಾಯಂಕಾಲ ಮನೆಗೆ ಬರುವ ತಂದೆಯನ್ನು ದಿನವೂ ಕಾಣುವ ನಮ್ಮ ಭಾಗ್ಯವು ನಮಗೆ ತಿಳಿಯುತ್ತದೆ.

ಇಂತಹ ಮಗುವಿನ ಶಾಲೆಯೂ ನಿಲ್ಲಬಾರದು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯಂತೆ 6ರಿಂದ 14 ವರ್ಷಗಳ ಮಗುವಿಗೆ ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಶಾಲೆಯಲ್ಲಿ ಮಗುವಿನ ಮನಸ್ಸನ್ನು ನೋಯಿಸಿ ಪೀಡಿಸುವುದನ್ನೂ ಆ ಕಾಯಿದೆಯು ನಿಷೇಧಿಸಿದೆ. ಸಂಕಟದಲ್ಲಿರುವ ಮಗುವಿಗಾಗಿ 1098 ಎಂಬ ದೂರವಾಣಿ ಸಂಖ್ಯೆಯಿದೆ. ಈ ಸೇವೆಯು 1996ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಆರಂಭವಾಯಿತು. ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 1990ರಲ್ಲಿ ಪ್ರಾರಂಭಿಸಿದ ‘ಪ್ರಯಾಸ್’ ಎಂಬ ಕಾರ್ಯಯೋಜನೆಯ ಸಮಾಜ ಕಾರ್ಯಕರ್ತರು ಸೆರೆಮನೆಗಳಿಗೆ ಹೋಗಿ, ಬಂದಿಗಳಿಗೂ ಅವರ ಮನೆಯವರಿಗೂ ನಡುವೆ ಕಡಿದ ತಂತುವನ್ನು ಮತ್ತೆ ಜೋಡಿಸುವ ಕೆಲಸವನ್ನು ಮಾಡುತ್ತ ಬಂದಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ‘ಅಪರಾಧಿಯ ಮಕ್ಕಳ ಬಗ್ಗೆ ಇಷ್ಟು ಕನಿಕರವೇಕೆ? ಅವನಿಂದ ಹಾನಿಗೊಂಡವರ ಮಕ್ಕಳ ಗತಿಯೇನು?’ ಈ ಪ್ರಶ್ನೆ ನ್ಯಾಯವಾದುದು. ಹಾನಿಗೊಂಡವರಿಗೂ ಪರಿಹಾರ ದೊರೆಯಬೇಕು. ಕೈದಿಗಳು ಸೆರೆಮನೆಯಲ್ಲಿ ದುಡಿದು ಗಳಿಸಿದ ಕೂಲಿಯಲ್ಲಿ ಒಂದು ಭಾಗವು ಅವರಿಗೆ ಸಲ್ಲುವಂತಾಗಬೇಕೆಂದು ಸುಪ್ರೀಮ್ ಕೋರ್ಟು 1998ರಲ್ಲಿ ಹೇಳಿದೆ. ಆದರೆ ಒಂದು ಮಗುವಿನ ಕಣ್ಣೀರನ್ನು ಒರೆಸಲು ಮತ್ತೊಂದು ಮಗುವನ್ನು ಅಳಿಸಬೇಕಾಗಿಲ್ಲ. ಎರಡೂ ಕಡೆಯ ಮಕ್ಕಳು ನಿರಪರಾಧಿಗಳೇ.

ಇನ್ನು ನಮ್ಮ ಕರ್ತವ್ಯವೇನು? ಸರಕಾರವು ಕಾಯಿದೆಯನ್ನು ಮಾಡಬಹುದು. ನ್ಯಾಯಾಲಯವು ಜನನದ ದಾಖಲೆಯಿಂದ ಸೆರೆಮನೆಯ ಹೆಸರನ್ನು ಅಳಿಸಬಹುದು. ಆದರೆ ತರಗತಿಯಲ್ಲಿ ಪಿಸುಗುಟ್ಟುವ ನಾಲಗೆಯನ್ನು ತಡೆಯುವ ಶಕ್ತಿ ಯಾವ ನ್ಯಾಯಾಲಯಕ್ಕೂ ಇಲ್ಲ. ಅದು ನಮಗೆ ಮಾತ್ರ ಇದೆ. ಸಹಪಾಠಿಯೊಬ್ಬನು ಹಠಾತ್ತಾಗಿ ಮೌನಿಯಾದರೆ ‘ನಿನ್ನ ತಂದೆ ಎಲ್ಲಿ?’ ಎಂದು ಕೆದಕಿ ಕೇಳದಿರೋಣ. ಅವನಾಗಿಯೇ ಹೇಳಿದರೆ ಆ ಮಾತನ್ನು ಬೀದಿಗೆ ಒಯ್ಯದೆ, ಅವನ ಒಪ್ಪಿಗೆಯಿಂದ ನಂಬಿಕೆಯ ಗುರುಗಳೊಬ್ಬರಿಗೆ ಮಾತ್ರ ತಿಳಿಸೋಣ. ಮುಲಾಕಾತಿನ ದಿನ ಅವನಿಗೆ ತಪ್ಪಿದ ಪಾಠವನ್ನು ಬರೆದುಕೊಡೋಣ. ಊರಿನಿಂದ ಬಂದ ಅವನ ತಾಯಿಗೆ ಓದಲಾಗದ ಮರಾಠಿ ಕಾಗದವೊಂದಿದ್ದರೆ, ಆಕೆ ಬಯಸಿದಲ್ಲಿ, ಅದನ್ನು ಕನ್ನಡದಲ್ಲಿ ಓದಿ ಹೇಳೋಣ. ಎರಡು ಮೂರು ಭಾಷೆಗಳನ್ನು ಬಲ್ಲ ಮುಂಬಯಿಯ ಕನ್ನಡ ವಿದ್ಯಾರ್ಥಿಗೆ ಇದು ಕಷ್ಟದ ಕೆಲಸವಲ್ಲ. ಆಟಕ್ಕೆ ಕರೆಯುವಾಗ ಎಂದಿನಂತೆಯೇ ಅವನನ್ನೂ ಕರೆಯೋಣ.

ಮಾಡಿದವನು ಉಣ್ಣಲಿ, ಅದು ನ್ಯಾಯ. ಮಾಡದವನ ಎಲೆಗೆ ಅದನ್ನು ಬಡಿಸದಿರುವುದೂ ನ್ಯಾಯವೇ. ಆ ಎರಡನೆಯ ನ್ಯಾಯವು ನಮ್ಮ ಬೆಂಚಿನಿಂದಲೇ ಆರಂಭವಾಗಲಿ.